ಗುದ್ದಲಿಗೆ ಜಾಗ

ನನ್ನ ಅಕ್ಕನ ಮಗ ವಾಸ್ತುಶಿಲ್ಪ ಓದುತ್ತಿದ್ದಾನೆ. ಐದನೆಯ ವರ್ಷದ ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಟ್ಟಡವನ್ನು ತಾನೇ ಕಲ್ಪಿಸಿಕೊಂಡು, ಅದಕ್ಕೆ ಜಾಗ ಹುಡುಕಿ, ನಕ್ಷೆ ಬರೆದು ಪರೀಕ್ಷಕರ ಮುಂದೆ ಇಡಬೇಕಂತೆ. ದೀಪಾವಳಿಗೆ ಊರಿಗೆ ಬಂದವನು ನಮ್ಮ ನಡುಮನೆಯಲ್ಲಿ ದೊಡ್ಡ ದೊಡ್ಡ ಹಾಳೆಗಳನ್ನು ಹಾಸಿ, ಗಾಳಿಗೆ ಹಾರದಂತೆ ಮೂಲೆಗೊಂದು ತೆಂಗಿನಕಾಯಿ ಇಟ್ಟ. ಬೌದ್ಧ ಧ್ಯಾನದಿಂದಲೂ ತೋಟಗಾರಿಕೆಯ ಚಿಕಿತ್ಸೆಯಿಂದಲೂ ಪ್ರೇರಿತವಾದ ಒಂದು ವಿಶ್ರಾಂತಿಧಾಮ ಅದು. ಮನಸ್ಸು ದಣಿದವರು, ಕಾಯಿಲೆಯಿಂದ ಎದ್ದವರು ಬಂದು ಕೆಲವು ವಾರ ಇದ್ದು ಹೋಗುವ ಜಾಗ. ನಡುವೆ ದುಂಡನೆಯ ಧ್ಯಾನಮಂದಿರ, ಅದರ ನೆತ್ತಿಯಿಂದ ಇಳಿಯುವ ಬೆಳಕು. ಅಷ್ಟಾಂಗ ಮಾರ್ಗದ ಲೆಕ್ಕಕ್ಕೆ ಸುತ್ತ ಎಂಟು ಕುಟೀರ. ಗಾಜಿನ ಗೋಡೆಯ ಓಣಿ. ಜಪಾನಿನ ಝೆನ್ ಮಠಗಳಲ್ಲಿರುವಂಥ ಜಲ್ಲಿಕಲ್ಲಿನ ಅಂಗಳ. ಆಚೆಗೆ ಹುಲ್ಲುಹಾಸು, ಔಷಧಿ ಗಿಡಗಳ ಪಾತಿ. ಚಿತ್ರವಂತೂ ಚೆನ್ನಾಗಿತ್ತು. ನಾನು ಕನ್ನಡಕ ಹಾಕಿಕೊಂಡು ನೋಡಿ, "ಬಹಳ ಚೆನ್ನಾಗಿದೆ ಕಣಪ್ಪ" ಎಂದೆ. ಅರ್ಥವಾಗದ್ದನ್ನು ಮೆಚ್ಚುವುದು ನನ್ನಂಥ ಮಾವಂದಿರ ಹಳೆಯ ಅಭ್ಯಾಸ.

ಅಷ್ಟರಲ್ಲಿ ನನ್ನ ತಮ್ಮ ಹಿತ್ತಲಿನಿಂದ ಒಳಗೆ ಬಂದ. ಕಾಲಿನಲ್ಲಿ ಮಣ್ಣಿತ್ತು, ಹಾಳೆ ತುಳಿಯದೆ ಗೋಡೆಗೆ ಒತ್ತಿ ನಿಂತುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಗುದ್ದಲಿ ಎಲ್ಲಿಡ್ತೀಯಪ್ಪಾ?"

ಹುಡುಗ ನಕ್ಕ. "ಸ್ಟೋರ್ ರೂಮಿದೆಯಲ್ಲ ಸಣ್ಣ ಮಾವ, ಹಿಂದುಗಡೆ, ಜನರೇಟರ್ ಪಕ್ಕ."

"ಅಷ್ಟು ದೂರ ಹೋಗಿ ಯಾರು ತರ್ತಾರೆ?" ಎಂದು ಹೇಳಿ ತಮ್ಮ ಕಾಲು ತೊಳೆಯಲು ಹೋದ.

ಆ ನಕ್ಷೆಯ ಬಗ್ಗೆ ಯಾರೇ ಬರೆಯಬಹುದಾದ ವಿಮರ್ಶೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇರಲಾರದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಈ ಪ್ರಬಂಧದಲ್ಲಿ ನಾನು ಮಾಡುವುದು ಆ ಒಂದು ಪ್ರಶ್ನೆಯನ್ನು ಬಿಡಿಸಿ ಹೇಳುವ ಕೆಲಸ ಮಾತ್ರ.

ಹುಡುಗ ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅವನ ಸಣ್ಣ ಮಾವನೇ. ನನ್ನ ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಾತು ಬಿಟ್ಟ. ಊಟ ಬಿಟ್ಟ, ನಿದ್ದೆ ಬಿಟ್ಟ. ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದ. ಮೊದಲು ದೇವರು, ಆಮೇಲೆ ದೆವ್ವ, ಕೊನೆಗೆ ಡಾಕ್ಟರು ಎಂಬ ಸಾಲಿನಲ್ಲಿ ನಾವೂ ನಡೆದೆವು. ಒಂದು ಆಸ್ಪತ್ರೆಯಲ್ಲಿ ಎರಡು ತಿಂಗಳು ಇಟ್ಟರು. ಔಷಧಿ ಕೆಲಸ ಮಾಡಿತು. ಅದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ತೋಟ ಅವನನ್ನು ಗುಣಪಡಿಸಿತೆಂದು ನಾನು ಹೇಳಹೊರಟಿಲ್ಲ. ಈಗಲೂ ಅವನು ಗುಳಿಗೆ ನುಂಗುತ್ತಾನೆ. ಆದರೆ ಆ ಎರಡು ತಿಂಗಳ ಬಗ್ಗೆ ಅವನು ಬಹಳ ವರ್ಷಗಳ ನಂತರ ಹೇಳಿದ್ದು ಒಂದೇ ಮಾತು: "ಅಲ್ಲಿ ಏನೂ ತೊಂದರೆ ಇರಲಿಲ್ಲ ಅಣ್ಣಾ. ನಾನಿಲ್ಲದಿದ್ರೂ ಅಲ್ಲಿ ಎಲ್ಲಾ ನಡೀತಿತ್ತು."

ಮನೆಗೆ ಬಂದ ಮೇಲೆ ಅಮ್ಮ ಅವನಿಗೆ ಹಿತ್ತಲಿನ ಎಲೆಬಳ್ಳಿ ಒಪ್ಪಿಸಿದಳು. ಅವಳಿಗೆ ಯಾವ ಚಿಕಿತ್ಸೆಯ ಹೆಸರೂ ಗೊತ್ತಿರಲಿಲ್ಲ. ಸೊಂಟನೋವೆಂದು ಸುಳ್ಳು ಹೇಳಿದಳು. "ನೀನು ನೀರು ಹಾಕದಿದ್ರೆ ಒಣಗಿ ಹೋಗ್ತದೆ, ನೋಡು" ಎಂದಳು. ಮೂರು ದಿನ ಅವನು ಹಾಕಲಿಲ್ಲ, ಅವಳೂ ಹಾಕಲಿಲ್ಲ. ಎಲೆ ಬಾಡಿತು. ನಾಲ್ಕನೆಯ ದಿನ ಬೆಳಿಗ್ಗೆ ಬಾವಿಯ ಕಡೆ ರಾಟೆಯ ಸದ್ದು ಕೇಳಿ ನಾವೆಲ್ಲ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಮಲಗಿದ್ದೆವು.

ಆದ್ದರಿಂದ ಹುಡುಗನ ನಕ್ಷೆಯನ್ನು ನಾನು ಎರಡನೆಯ ಸಲ ನೋಡಿದಾಗ ಕೇಳಿಕೊಂಡದ್ದು, ಇಪ್ಪತ್ತೇಳು ವರ್ಷದ ನನ್ನ ತಮ್ಮ ಇಲ್ಲಿಗೆ ಬಂದರೆ ಅವನಿಲ್ಲದೆ ನಡೆಯದ ಸಂಗತಿ ಇಲ್ಲಿ ಯಾವುದಿದೆ ಎಂದು. ಗಾಜಿನ ಓಣಿಯಿಂದ ಅವನು ಹುಲ್ಲುಹಾಸು ನೋಡಬಹುದು. ಹುಲ್ಲುಹಾಸಿಗೆ ಅವನು ಬೇಕಾಗಿಲ್ಲ. ಅದಕ್ಕೆ ಸಂಬಳದ ಮಾಲಿ ಇರುತ್ತಾನೆ.

ನೋಡುವುದರಿಂದ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಹುಡುಗ ನನಗೆ ವಿವರಿಸಿದ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ 23 ಜನರನ್ನು ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರೊಂದಿಗೆ ಹೋಲಿಸಿದಾಗ, ಮರ ಕಂಡವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ಕೇಳಿದ್ದರು. ಹಾಗಾದರೆ ಕಿಟಕಿ ಇರಲಿ. ಆದರೆ ಹೊಟ್ಟೆಯ ಗಾಯ ಮಾಯುವುದಕ್ಕೆ ಮಲಗಿದವನ ಅಗತ್ಯ ಬೇರೆ, ಬದುಕಿನ ಕೈಹಿಡಿತ ತಪ್ಪಿದವನ ಅಗತ್ಯ ಬೇರೆ. ಮೊದಲನೆಯವನಿಗೆ ಕಿಟಕಿ ಸಾಕು. ಎರಡನೆಯವನಿಗೆ ಬಾಗಿಲು ಬೇಕು.

ಇನ್ನು ಬೌದ್ಧ ಪ್ರೇರಣೆಯ ಮಾತು. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು "ಆರಾಮಾ?" ಎಂದು ಕೇಳುತ್ತೇವೆ, ಕಾಯಿಲೆಯಾದರೆ "ಆರಾಮಿಲ್ಲ" ಎನ್ನುತ್ತೇವೆ. ಈ ಆರಾಮ ಪಾರಸಿಯಿಂದ ಬಂದದ್ದು. ಸಂಸ್ಕೃತದಲ್ಲಿಯೂ ಪಾಳಿಯಲ್ಲಿಯೂ ಆರಾಮವೆಂದರೆ ಉಪವನ, ತೋಟ. ಎರಡೂ ಮೂಲದಲ್ಲಿ ನೆಂಟರೇ ಎಂದು ಭಾಷಾಶಾಸ್ತ್ರದವರು ಹೇಳುತ್ತಾರೆ. ಬೌದ್ಧ ಭಿಕ್ಷುಗಳ ವಸತಿಗೆ ಸಂಘಾರಾಮವೆಂದು ಹೆಸರಾದದ್ದು ಇದರಿಂದಲೇ. ಬಿಂಬಿಸಾರ ಕೊಟ್ಟ ವೇಣುವನ, ಅನಾಥಪಿಂಡಿಕ ಕೊಟ್ಟ ಜೇತವನ, ವೈದ್ಯನಾದ ಜೀವಕ ಕೊಟ್ಟ ಮಾವಿನ ತೋಪು ಇವೆಲ್ಲ ಮೊದಲು ತೋಟಗಳು. ಕಟ್ಟಡ ಆಮೇಲೆ ಬಂತು. ವೇಣುವನವನ್ನು ಆರಿಸುವಾಗ ಬಿಂಬಿಸಾರ ಯೋಚಿಸಿದ ರೀತಿ ವಿನಯಪಿಟಕದಲ್ಲಿದೆ: ಊರಿಗೆ ಅತಿ ಸಮೀಪ ಇರಬಾರದು, ಅತಿ ದೂರವೂ ಆಗಬಾರದು, ಬರಬೇಕೆನ್ನುವವರಿಗೆ ಬರಲು ಸುಲಭವಾಗಬೇಕು, ಗದ್ದಲ ಇರಬಾರದು. ಜಾಗ ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕಾಲೇಜಿನಲ್ಲಿಯೂ ಸಿಕ್ಕಲಾರದು.

ಆದರೆ ಇಲ್ಲೊಂದು ತೊಡಕಿದೆ, ಹುಡುಗ ಅದನ್ನು ಗಮನಿಸಿರಲಿಲ್ಲ. ಅದೇ ವಿನಯದ ಪ್ರಕಾರ ಭಿಕ್ಷು ನೆಲ ಅಗೆಯುವಂತಿಲ್ಲ, ಗಿಡ ಕೀಳುವಂತಿಲ್ಲ. ಎರಡೂ ಪ್ರಾಯಶ್ಚಿತ್ತಕ್ಕೆ ಗುರಿಯಾಗುವ ತಪ್ಪುಗಳು. ಬುದ್ಧನ ಆರಾಮದಲ್ಲಿ ತೋಟದ ಕೆಲಸ ಭಿಕ್ಷುಗಳದಲ್ಲ. ಉಳುತ್ತಿದ್ದ ಭಾರದ್ವಾಜ ಬ್ರಾಹ್ಮಣ ದುಡಿದು ತಿನ್ನು ಎಂದಾಗ, ತಾನೂ ಉಳುವವನೇ ಎಂದು ಬುದ್ಧ ಹೇಳಿದ್ದು ಒಳಗಿನ ಉಳುಮೆಯ ಅರ್ಥದಲ್ಲಿ. ಕೈಯಲ್ಲಿ ಸಲಿಕೆ ಹಿಡಿದ ಬೌದ್ಧ ಸಂನ್ಯಾಸಿಯನ್ನು ನೋಡಬೇಕಾದರೆ ಚೀನಾಕ್ಕೆ ಹೋಗಬೇಕು. ಅಲ್ಲಿ 8–9ನೆಯ ಶತಮಾನದ ಬೈಜಾಂಗ್ ಎಂಬ ಗುರು ಮುಪ್ಪಿನಲ್ಲಿಯೂ ಹೊಲದ ಕೆಲಸ ಬಿಡಲಿಲ್ಲ. ಶಿಷ್ಯರು ಕನಿಕರಪಟ್ಟು ಅವನ ಸಲಕರಣೆಗಳನ್ನು ಬಚ್ಚಿಟ್ಟರು. ಅವನು ಊಟ ಬಿಟ್ಟ, ಸಲಕರಣೆ ವಾಪಸ್ಸು ಬಂದ ಮೇಲೆಯೇ ಉಂಡ ಎಂದು ಕಥೆ. ಗುದ್ದಲಿ ಎಲ್ಲಿ ಎಂದು ಕೇಳಿದವರಲ್ಲಿ ನನ್ನ ತಮ್ಮ ಮೊದಲನೆಯವನಲ್ಲ. ಹುಡುಗ ಬರೆದ ಜಲ್ಲಿಕಲ್ಲಿನ ಅಂಗಳದ ಮೂಲವೂ ಇದೇ ಪರಂಪರೆ. ಕ್ಯೋಟೋದ ರ್‍ಯೋಆನ್‌ಜಿಯಲ್ಲಿ 15 ಕಲ್ಲುಗಳಿವೆ, ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅಂಥ ಅಂಗಳದ ಜಲ್ಲಿಯಲ್ಲಿ ಕಾಣುವ ಗೆರೆಗಳನ್ನು ಯಾರೋ ಕುಂಟೆಯಂಥದ್ದನ್ನು ಎಳೆದು ಮತ್ತೆ ಮತ್ತೆ ಮೂಡಿಸಬೇಕು. ಆ ಎಳೆಯುವಿಕೆಯೇ ಸಾಧನೆ. ನಕ್ಷೆಗೆ ಬಂದದ್ದು ಗೆರೆ ಮಾತ್ರ, ಎಳೆಯುವವನು ಬರಲಿಲ್ಲ.

ಇದೇ ತೊಡಕನ್ನು ನಮ್ಮ ಸೀಮೆಯೂ ಒಮ್ಮೆ ಯೋಚಿಸಿದೆ. ಹೊನ್ನಾಳಿ, ನ್ಯಾಮತಿಗಳಿಂದ ಪಶ್ಚಿಮಕ್ಕೆ ಶಿಕಾರಿಪುರದ ಆಚೆ ಬಳ್ಳಿಗಾವಿ ಇದೆ. ಅಲ್ಲಮಪ್ರಭುವಿನ ಊರು. ಹರಿಹರನ ರಗಳೆಯಲ್ಲಿ ಅಲ್ಲಮ ಪ್ರೀತಿಸಿದ ಕಮಲತೆ ಜ್ವರದಿಂದ ಸತ್ತಾಗ ಅವನು ಮರುಳನಂತೆ ಅಲೆಯುತ್ತಾನೆ. ಒಂದೆಡೆ ಸುಮ್ಮನೆ ಕೂತು ಕಾಲಿನ ಉಗುರಿನಿಂದ ನೆಲ ಕೆದಕುತ್ತಿರುವಾಗ ಮಣ್ಣಿನಲ್ಲಿ ಚಿನ್ನದ ಕಳಶ ಕಾಣುತ್ತದೆ. ಅಗೆಸಿದರೆ ಹೂತುಹೋದ ಗುಡಿ. ಒಳಗೆ ಅನಿಮಿಷನೆಂಬ ಯೋಗಿ ಕಣ್ಣೆವೆಯಿಕ್ಕದೆ ಕೂತಿದ್ದಾನೆ. ದುಃಖದಿಂದ ಬುದ್ಧಿ ಕದಡಿದವನೊಬ್ಬ ನೆಲ ಕೆದಕುತ್ತ ಕೆದಕುತ್ತ ಧ್ಯಾನದ ಮನೆಯನ್ನು ಕಂಡುಕೊಂಡ ಕಥೆ ಇದು. ಶೂನ್ಯ ಸಂಪಾದನೆಯಲ್ಲಿ ತೋಟಿಗ ಗೊಗ್ಗಯ್ಯನೂ ಬರುತ್ತಾನೆ. ಹೊರಗಿನ ತೋಟ ಮಾಡುವವನಿಗೆ ಅಲ್ಲಮ ಒಳಗಿನ ತೋಟದ ಮಾತನ್ನು ಹೇಳುತ್ತಾನೆ. ಕೂರುವುದು, ಅಗೆಯುವುದು ಎರಡೂ ಒಂದೇ ಅಲ್ಲ. ಆದರೆ ಎರಡರ ನಡುವೆ ದಾರಿಯಿದೆ. ಕಟ್ಟಡ ಮಾಡಬೇಕಾದ್ದು ಆ ದಾರಿಯನ್ನು.

ನಾನು ಹುಡುಗನಿಗೆ ಹೇಳಿದೆ: "ಹಾಳೆ ಸುತ್ತಿಡು. ನಾಲ್ಕು ತಾಲ್ಲೂಕು ಒಂದು ಸುತ್ತು ಹಾಕಿ ಬರೋಣ." ಜಾಗಕ್ಕಾಗಿ ಅವನು ಪಟ್ಟಿ ಮಾಡಿಕೊಂಡಿದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಆಮೇಲೆ ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ.

ಮೊದಲು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. 16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಅದರ ನಡುವೆ ವಸಂತಮಂಟಪ. ಸುತ್ತಲೂ ಮೆಟ್ಟಿಲು. ರಸ್ತೆಯಲ್ಲಿ ಬಸ್ಸಿನ ಹಾರನ್ನು ಕಿವಿ ಕೀಳುತ್ತಿರುತ್ತದೆ. ಮೆಟ್ಟಿಲು ಇಳಿಯುತ್ತ ಹೋದಂತೆ ಸದ್ದು ತಲೆಯ ಮೇಲೆ ಹಾದುಹೋಗುತ್ತದೆ. "ನಿನ್ನ ಗಾಜಿನ ಗೋಡೆ ಮಾಡೋ ಕೆಲಸ ಇಲ್ಲಿ ಬರೀ ಇಳಿಜಾರು ಮಾಡ್ತದೆ ನೋಡು" ಎಂದೆ. ಮೌನಕ್ಕೆ ಗೋಡೆಯೇ ಬೇಕಿಲ್ಲ, ನಾಲ್ಕು ಮೆಟ್ಟಿಲು ಕೆಳಗಿಳಿದರೂ ಆದೀತು. ಆದರೆ ವಸಂತಮಂಟಪಕ್ಕೆ ನೀರಿನ ಮೇಲೆ ದಾರಿಯಿಲ್ಲ. ಅದು ನಾಯಕನ ವಿಹಾರದ ಜಾಗ, ನಮಗೆ ನೋಡುವ ಜಾಗ. ವಾಸಿಯಾಗಬೇಕಾದವನಿಗೆ ಅದಕ್ಕಿಂತ ಪಕ್ಕದ ಮುಸಾಫಿರ್‌ಖಾನೆಯೇ ಹೆಚ್ಚು ಹತ್ತಿರದ್ದು. ಹೆಸರಿಗೆ ತಕ್ಕಂತೆ ದಾರಿಹೋಕರಿಗಾಗಿ ಇದ್ದ ಉದ್ದನೆಯ ಸರಳ ಚಾವಡಿ ಅದು.

ಚನ್ನಗಿರಿಯ ಅಡಿಕೆ ತೋಟಗಳ ನಡುವೆ ಹುಡುಗನ ಮನಸ್ಸು ನಿಂತುಬಿಟ್ಟಿತು. ತಂಪು, ನೆರಳು, ಹಸಿರು. ಅಲ್ಲಿ ಹತ್ತಾರು ಹೆಣ್ಣುಮಕ್ಕಳು ಕಳೆ ತೆಗೆಯುತ್ತಿದ್ದರು. ಹುಡುಗ ತನ್ನ ಯೋಜನೆಯನ್ನು ಹೇಳಿದ. ಮಣ್ಣಿನಲ್ಲಿ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂಬುದನ್ನೂ ಹೇಳಿದ. ಅವರಲ್ಲಿ ಹಿರಿಯಳೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು, "ಹಂಗಾದ್ರೆ ನಮ್ದು ಇಷ್ಟೊತ್ತಿಗೆ ಹಾರಿ ಹೋಗ್ಬೇಕಿತ್ತಲ್ಲಪ್ಪ" ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಮಾತು ದಾರಿಯುದ್ದಕ್ಕೂ ನಮ್ಮ ಜೊತೆಗೆ ಬಂತು. ಅದೇ ಮಣ್ಣು, ಅದೇ ಕುಡುಗೋಲು; ಒಬ್ಬರಿಗೆ ಕೂಲಿ, ಒಬ್ಬರಿಗೆ ಚಿಕಿತ್ಸೆ. ವ್ಯತ್ಯಾಸ ಎಲ್ಲಿದೆ? ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ, ಬೆಳೆದದ್ದರಲ್ಲಿ ತನ್ನ ಪಾಲು, ಗಿಡವನ್ನು ತನ್ನದೆನ್ನುವ ಹಕ್ಕು ಈ ಮೂರರಲ್ಲಿದೆ ಎಂದು ನನಗೆ ತೋರುತ್ತದೆ. ಇವು ಮೂರೂ ಇಲ್ಲದ ಕಡೆ ತೋಟದ ಕೆಲಸಕ್ಕೆ ಚಿಕಿತ್ಸೆ ಎಂಬ ಹೆಸರಿಡುವುದು ಬಿಟ್ಟಿ ದುಡಿಮೆಗೆ ಮಡಿ ಉಡಿಸಿದಂತೆ. ಹಿಂದಿನ ಹುಚ್ಚಾಸ್ಪತ್ರೆಗಳಲ್ಲಿ ಹಾಗೆ ಆದದ್ದೂ ಉಂಟು.

ಹೊನ್ನಾಳಿಯಲ್ಲಿ ತುಂಗಭದ್ರೆ ಇದ್ದಾಳೆ. ಹೊಳೆಯ ದಂಡೆಯಲ್ಲಿ ಧ್ಯಾನಮಂದಿರ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಮಳೆಗಾಲದಲ್ಲಿ ಮಲೆನಾಡಿನ ನೀರೆಲ್ಲ ಬಂದಾಗ ಅವಳು ದಂಡೆಯ ಮನೆಗಳ ಬಾಗಿಲು ತಟ್ಟುತ್ತಾಳೆ. ಅಲ್ಲಿಯವರು ಹೊಳೆಗೆ ಜಾಗ ಬಿಟ್ಟೇ ಬದುಕಬೇಕು. ನ್ಯಾಮತಿಯ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದಲ್ಲಿ ಗುಡ್ಡದ ಮಗ್ಗುಲಿನಿಂದ ನೀರು ಸಣ್ಣಗೆ ಬೀಳುತ್ತಲೇ ಇರುತ್ತದೆ. ಹುಡುಗ ಬಹಳ ಹೊತ್ತು ಕೂತ. ಎದ್ದು, "ಇಲ್ಲಿ ಏನೂ ಕಟ್ಟಬಾರದು ಮಾವ" ಎಂದ. ಅವನ ಐದು ವರ್ಷದ ಓದು ಆ ಒಂದು ಮಾತಿನಲ್ಲಿ ಸಾರ್ಥಕವಾಯಿತೆಂದು ನನಗನ್ನಿಸಿತು.

ನ್ಯಾಮತಿಯಿಂದ ಬಳ್ಳಿಗಾವಿಗೂ ಹೋದೆವು. ಅಲ್ಲಿ 1065ರಲ್ಲಿ, ಚಾಲುಕ್ಯರ ಆಳ್ವಿಕೆಯಲ್ಲಿ, ರೂಪಭಟ್ಟಯ್ಯನೆಂಬುವನು ಬೌದ್ಧ ವಿಹಾರವನ್ನು ಕಟ್ಟಿಸಿದ್ದ. ಇಂದು ವಿಹಾರ ಉಳಿದಿಲ್ಲ. ಉಳಿದದ್ದು ಕೆರೆಯ ಕೋಡಿಯ ಬಳಿಯ ಕೇದಾರೇಶ್ವರ, ಅಂದರೆ ಕಾಳಾಮುಖರ ಕೋಡಿಯ ಮಠದ ಗುಡಿ. ಅಲ್ಲಿನ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಕೊಡುತ್ತದೆ: ವೇದ, ವ್ಯಾಕರಣ, ದರ್ಶನಗಳ ಓದು, ಬಡವರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಜೈನ ಮತ್ತಿತರ ಸಂನ್ಯಾಸಿಗಳಿಗೆ ಅನ್ನ, ದಿಕ್ಕಿಲ್ಲದ ರೋಗಿಗಳಿಗೆ ಔಷಧಿ, ಸಕಲ ಜೀವಿಗಳಿಗೆ ಅಭಯ. ಧ್ಯಾನವೂ ಚಿಕಿತ್ಸೆಯೂ ಒಂದೇ ಅಂಗಳದಲ್ಲಿ ಇರಬೇಕೆಂಬ ವಿಚಾರ ನಮ್ಮ ಹುಡುಗನ ಹಾಳೆಗಿಂತ ಎಂಟುನೂರು ವರ್ಷ ಹಳೆಯದು, ಅದೂ ನಮ್ಮ ಪಕ್ಕದ ತಾಲ್ಲೂಕಿನಲ್ಲಿ. ಸಿಂಹಳದ ಮಿಹಿಂತಲೆಯಲ್ಲಿಯೂ ಬೌದ್ಧವಿಹಾರದ ಬೆಟ್ಟದ ಬುಡದಲ್ಲಿ ಹಳೆಯ ಆಸ್ಪತ್ರೆಯ ಪಾಯ ಉಳಿದಿದೆ: ನಡುವೆ ಅಂಗಳ, ಸುತ್ತ ಕೋಣೆಗಳು, ರೋಗಿಯನ್ನು ಔಷಧಿಯಲ್ಲಿ ಮಲಗಿಸುತ್ತಿದ್ದ ಕಲ್ಲಿನ ತೊಟ್ಟಿ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ 1796ರಲ್ಲಿ ತೆರೆದ ಮನೋರೋಗಿಗಳ ಮನೆಗೆ ಇಟ್ಟ ಹೆಸರೇ ರಿಟ್ರೀಟ್. ಅಲ್ಲಿ ಸರಪಳಿ ಇರಲಿಲ್ಲ, ಕಿಟಕಿಯ ಕಬ್ಬಿಣ ಮರದಂತೆ ಕಾಣುವ ಹಾಗೆ ಮಾಡಿದ್ದರು, ಅಂಗಳದಲ್ಲಿ ಮೊಲ, ಕೋಳಿ ಸಾಕಿದ್ದರು, ತೋಟದಲ್ಲಿ ಕೆಲಸವಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ನೇಯ್ಗೆಗಳ ಜೊತೆಗೆ ತೋಟಗಾರಿಕೆಯೂ ಇದೆ. ಇವೆಲ್ಲವುಗಳಲ್ಲಿ ಸಾಮಾನ್ಯವಾದದ್ದು ಒಂದು: ಬಂದವನ ಕೈಗೂ ಏನಾದರೂ ಇತ್ತು, ಇಲ್ಲವೇ ಬಾಗಿಲು ಎಲ್ಲರಿಗೂ ತೆರೆದಿತ್ತು. ಹುಡುಗನ ನಕ್ಷೆಯಲ್ಲಿ ಎಂಟು ಕುಟೀರಗಳಿದ್ದವು. ಊರಿನವನೊಬ್ಬ ಬಂದು ಕೂರಲು ಒಂದು ಕಟ್ಟೆ ಇರಲಿಲ್ಲ.

ಕೊನೆಗೆ ಜಗಳೂರು. ಹುಡುಗನಿಗೆ ಇಷ್ಟವಿರಲಿಲ್ಲ, ಅಲ್ಲೇನಿದೆ ಎಂಬ ಭಾವ. ಬರ, ಕುರುಚಲು ಗುಡ್ಡ, ಬೇವು, ಜಾಲಿ. ರಂಗಯ್ಯನದುರ್ಗದ ಕಾಡನ್ನು ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಅದು ಹಾಸಿದ ಹಸಿರಿನ ಪ್ರಾಣಿಯಲ್ಲ. ಇನ್ನೂ ಪೂರ್ವಕ್ಕೆ ಮೊಳಕಾಲ್ಮೂರಿನ ಬ್ರಹ್ಮಗಿರಿ. ಅಲ್ಲಿ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದರು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಲ್ಲರು ಎಂಬುದು ಅದರ ತಾತ್ಪರ್ಯ. ನಮ್ಮ ಸೀಮೆಗೆ ಬೌದ್ಧ ಧರ್ಮದ ಮಾತು ಮೊದಲು ಬಂದದ್ದು ಹೀಗೆ ಬಿಸಿಲಿನ ಬಂಡೆಯ ಮೇಲೆ, ಹುಲ್ಲುಹಾಸಿನ ಮೇಲಲ್ಲ.

ಜಗಳೂರಿನ ಒಂದು ಹೊಲದ ಬದುವಿನಲ್ಲಿ ಬೇವಿನ ನೆರಳಿಗೆ ಕೂತು ಬುತ್ತಿ ಬಿಚ್ಚಿದೆವು. ಒಬ್ಬ ಮುದುಕ ದೂರದಿಂದ ಕೊಡದಲ್ಲಿ ನೀರು ತಂದು ಹೊಸದಾಗಿ ನೆಟ್ಟ ನಾಲ್ಕು ಸಸಿಗಳ ಬುಡಕ್ಕೆ ಅಳತೆ ಮಾಡಿದಂತೆ ಸುರಿಯುತ್ತಿದ್ದ. ಒಂದು ಹನಿಯೂ ಆಚೆಗೆ ಬೀಳಲಿಲ್ಲ. ಹುಡುಗ ಉಣ್ಣುವುದನ್ನು ಮರೆತು ನೋಡುತ್ತಿದ್ದ. ಧ್ಯಾನದ ಬಗ್ಗೆ ಅವನು ಓದಿದ ಪುಸ್ತಕಗಳಲ್ಲಿ ಗಮನವೆಂಬ ಶಬ್ದ ಬಹಳ ಸಲ ಬಂದಿರಬೇಕು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರು ಸಿಕ್ಕದ ನೆಲದಲ್ಲಿ ಹುಲ್ಲುಹಾಸು ಬರೆಯುವವನು ಸೌಂದರ್ಯದ ತಪ್ಪನ್ನಷ್ಟೇ ಮಾಡುವುದಿಲ್ಲ. ಪಕ್ಕದ ಹೊಲದವನ ಕೊಡಕ್ಕೂ ಕೈ ಹಾಕುತ್ತಾನೆ. ಅಂಥ ಕಟ್ಟಡದೊಳಗೆ ಕರುಣೆಯ ಧ್ಯಾನ ನಡೆಯುವುದಾದರೂ ಹೇಗೆ?

ಒಂದು ತಿಂಗಳ ನಂತರ ಅವನು ಹೊಸ ಹಾಳೆ ತಂದ. ಜಾಗ ಜಗಳೂರು ತಾಲ್ಲೂಕಿನದು. ಗಾಜು ಹೋಗಿತ್ತು, ಹುಲ್ಲುಹಾಸು ಹೋಗಿತ್ತು. ಧ್ಯಾನದ ಕೋಣೆ ನೆಲಮಟ್ಟಕ್ಕಿಂತ ಆರು ಮೆಟ್ಟಿಲು ಕೆಳಗಿತ್ತು, ಸಂತೇಬೆನ್ನೂರಿನ ನೆನಪು. ಇನ್ನೊಂದು ಬದಿಗೆ ಕೆಲಸದ ಅಂಗಳ: ಗೊಬ್ಬರದ ಗುಂಡಿ, ಸಸಿಮಡಿ, ಮಳೆನೀರಿನ ತೊಟ್ಟಿ. ಎರಡರ ನಡುವೆ ಬೇವಿನ ಸಾಲಿನಡಿ ಒಂದು ಉದ್ದನೆಯ ನಡೆದಾಡುವ ಹಾದಿ. ಬುದ್ಧ ಬೋಧಗಯೆಯಲ್ಲಿ ಅತ್ತಿಂದಿತ್ತ ನಡೆದನೆಂದು ಹೇಳುವ ಚಂಕ್ರಮಣದಂತೆ. ಕೂರಲಾಗದವನು ನಡೆಯಲಿ, ನಡೆಯುತ್ತ ನಡೆಯುತ್ತ ಯಾವ ತುದಿ ಬೇಕೋ ಆ ತುದಿಗೆ ಹೋಗಲಿ. ರಸ್ತೆಯ ಕಡೆಗೆ ಊರಿನವರಿಗೊಂದು ಕಟ್ಟೆ, ನೀರಿನ ಮಡಕೆ. ಪ್ರತಿ ಕೋಣೆಯ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಗುದ್ದಲಿ ನಿಲ್ಲಿಸಲು ಜಾಗ.

ಇದೂ ಪೂರ್ಣವಲ್ಲ. ಮಳೆ ಬಾರದ ವರ್ಷ ಸಸಿ ಒಣಗಿದರೆ ಅದನ್ನು ನೆಟ್ಟ ರೋಗಿಯ ಮನಸ್ಸಿಗೆ ಏನಾದೀತು ಎಂಬುದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ, ನನ್ನಲ್ಲಿಯೂ ಇಲ್ಲ. ಅಮ್ಮನ ಎಲೆಬಳ್ಳಿ ಬದುಕಿತು, ಅದು ನಮ್ಮ ಪುಣ್ಯ.

ತಮ್ಮನನ್ನು ಕರೆದು ತೋರಿಸಿದೆವು. ಈ ಸಲ ಕಾಲು ತೊಳೆದುಕೊಂಡು ಬಂದು ಹಾಳೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಗೂಡಿನ ಮೇಲೆ ಬೆರಳಿಟ್ಟು, "ಇದು ಗುದ್ದಲಿಗಾ?" ಎಂದ. ಹುಡುಗ ಹೌದೆಂದ. ತಮ್ಮ ಬೆರಳನ್ನು ಹಾದಿಯುದ್ದಕ್ಕೂ ಸರಿಸಿಕೊಂಡು ಹೋಗಿ ಗೊಬ್ಬರದ ಗುಂಡಿಯ ಬಳಿ ನಿಲ್ಲಿಸಿದ.

"ಈ ಬಾಗಿಲು ಎಷ್ಟಗಲ ಮಾಡೀಯಾ? ತಲೆ ಮೇಲೆ ಬುಟ್ಟಿ ಹೊತ್ತೋರು ಇದ್ರಲ್ಲಿ ಹೋಗೋಕಾಗಲ್ಲ."

ಹುಡುಗ ಪೆನ್ಸಿಲ್ ಹುಡುಕತೊಡಗಿದ.